ಕಡೆಯ ಮಾತು ಕೇಳಲು ಕಲಿತ ಅರಬ್ಬಿ

“ಸರ್, ನನಗ ಅರಬ್ಬಿ ಪೂರಾ ಬ್ಯಾಡ್ರಿ. ‘ಅವರು ಕಡೀಕ ಏನಂದ್ರು’ ಅಂತ ಕೇಳೂದಷ್ಟ ಕಲಸ್ರಿ.” ಮುಗಳಖೋಡದಿಂದ ಗಲ್ಫ್ ದೇಶಗಳಿಗೆ ದುಡಿಯಲು ಹೋಗುವವರಿಗಾಗಿ ನಿಪ್ಪಾಣಿಯಲ್ಲಿ ನಾನು ನಡೆಸುವ ಅರಬ್ಬಿ ತರಗತಿಗೆ ಬಂದ ಶಾರವ್ವ ಮೊದಲ ದಿನವೇ ಹೀಗೆಂದರು.

ಅವರ ಗಂಡ ದುಬೈಯ ಒಂದು ಮನೆಯಲ್ಲಿ ಡ್ರೈವರಾಗಿದ್ದು, ಅಲ್ಲಿಯೇ ತೀರಿಕೊಂಡಿದ್ದರು. ಕೊನೆಗಳಿಗೆಯಲ್ಲಿ ಜೊತೆಗಿದ್ದ ಆ ಮನೆಯ ಅಜ್ಜಿ ಆಗಾಗ ಫೋನ್ ಮಾಡಿ ಅಳುತ್ತಿದ್ದರಂತೆ.

ವಾರದೊಳಗೆ ಆ ಮಾತು ಕಲಿತು, ಶಾರವ್ವ ನನ್ನೆದುರೇ ಫೋನಿನಲ್ಲಿ ಕೇಳಿದರು. ಅಜ್ಜಿಯ ಉತ್ತರವನ್ನು ನಾನೇ ಕನ್ನಡದಲ್ಲಿ ಹೇಳಬೇಕಾಯಿತು: “ಬಹಳ ಹೊತ್ತು ಮಾತಾಡಿದ, ಮಗಳೇ. ನಿಮ್ಮ ಭಾಷೆಯಲ್ಲಿ. ನನಗೆ ಒಂದೂ ತಿಳಿಯಲಿಲ್ಲ.”

ಅತ್ತ ಅಜ್ಜಿ ಮತ್ತೆ ಅಳತೊಡಗಿದರು. ಶಾರವ್ವ ಫೋನಿಗೆ ಕೈ ಅಡ್ಡ ಹಿಡಿದು, “‘ಅಳಬ್ಯಾಡ್ರಿ’ ಅನ್ನಾಕ ಏನನ್ನಬೇಕ್ರಿ?” ಎಂದು ಕೇಳಿದರು.

ಈಗ ಹೊಸ ಶಿಕ್ಷಕರಿಗೆ ತರಬೇತಿ ಕೊಡುವಾಗ, ನೀರು, ದಾರಿ, ಆಸ್ಪತ್ರೆ ಎಂಬ ಮೊದಲ ಪಾಠದಲ್ಲೇ ‘ಅಳಬೇಡಿ’ ಎಂಬ ಮಾತನ್ನೂ ಕಲಿಸಲು ಹೇಳುತ್ತೇನೆ.