ಸೂಗಪ್ಪ ಕೇಳುತ್ತಿದ್ದ ರೆಕಾರ್ಡು

ನನ್ನ ಗಂಡನ ಹೆಸರು ಸೂಗಪ್ಪ. ಅವರು ಇರುವತನಕ ಈ ಹೆಸರು ನನ್ನ ಬಾಯಿಂದ ಬಂದಿರಲಿಲ್ಲ. ಈಗ ಬರೆಯುತ್ತೇನೆ, ತಡೆಯುವವರು ಯಾರು?

ನಮ್ಮೂರು ಕೆಂಭಾವಿಯ ನಾಟಕಗಳಿಗೆ ಕಾಲಪೇಟಿ ನುಡಿಸುತ್ತಿದ್ದರು. ಅದೊಂದು ಹಾರ್ಮೋನಿಯಂ, ಕಾಲಿನಿಂದ ಗಾಳಿ ತುಂಬುವುದು, ಕೈಯಿಂದ ನುಡಿಸುವುದು. ಕಾಲುವೆಗೆ ನೀರು ಬಂದ ಮೇಲೆ ಊರೆಲ್ಲ ಭತ್ತದ ಗದ್ದೆಗೆ ಇಳಿಯಿತು, ನಾಟಕ ನಿಂತಿತು. ಇವರು ಕಾಲುವೆಯ ತೂಬು ಕಾಯುವ ಕೆಲಸಕ್ಕೆ ಸೇರಿದರು.

ಅಲ್ಲಿನ ಇಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಒಂದು ರೆಕಾರ್ಡು ಕೊಟ್ಟರು. ಅಮೆರಿಕದ್ದು. ಹೊದಿಕೆಯ ಮೇಲೆ ಮೂವರು ಕರಿಯ ಗಂಡಸರು. ಒಬ್ಬ ದೊಡ್ಡ ಆರ್ಗನ್ ಮುಂದೆ, ಅದಕ್ಕೆ ಕಾಲಿನ ಕೆಳಗೂ ಸ್ವರದ ಪಟ್ಟಿಗಳು; ಒಬ್ಬನ ಕೈಯಲ್ಲಿ ಗಿಟಾರು, ಇನ್ನೊಬ್ಬನದು ಡ್ರಮ್ಮು. ಹಾಡುವವರೇ ಇಲ್ಲ.

"ನನ್ ಕಾಲು ಬರೇ ಗಾಳಿ ಹಾಕ್ತಾವ. ಇವನ ಕಾಲು ಸ್ವರ ಹಿಡೀತಾವ ನೋಡ," ಎಂದು ಇವರು ನನಗೆ ಹೊದಿಕೆ ತೋರಿಸಿದರು.

ನಮ್ಮಲ್ಲಿ ರೆಕಾರ್ಡು ಹಾಕುವ ಮಷಿನ್ನು ಇರಲಿಲ್ಲ. ಶಹಾಪುರದಲ್ಲಿ ಚಾಂದಪಾಶಾನ ಮೈಕ್ ಸೆಟ್ಟಿನ ಅಂಗಡಿಯಲ್ಲಿ ಇತ್ತು. ರೆಕಾರ್ಡನ್ನು ಅಲ್ಲೇ ಇಟ್ಟು, ವಾರಕ್ಕೊಮ್ಮೆ ಬಸ್ಸು ಹತ್ತುತ್ತಿದ್ದರು. ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಅವನ ತಂಗಿ ಖುರ್ಷೀದಬೇಗಂ, ಗಂಡ ಬಿಟ್ಟವಳು.

ಒಂದೇ ರೆಕಾರ್ಡನ್ನು ಎಷ್ಟು ವರ್ಷ ಕೇಳುತ್ತಾರೆ? ಹೋಗುವ ದಿನ ಅಂಗಿಗೆ ಇಸ್ತ್ರಿ ಬೇರೆ. ರೆಕಾರ್ಡಿಗೆ ಕಣ್ಣಿದೆಯೇ? ಕೇಳಿದರೆ ನಗುತ್ತಿದ್ದರು. ನಗು ಉತ್ತರವಲ್ಲ.

ಅವರು ತೀರಿಕೊಂಡಾಗಲೂ ಆ ಅಂಗಿಯೇ ಕಣ್ಣ ಮುಂದೆ ಬಂತು. ಸರಿಯಾಗಿ ಅಳಲಿಕ್ಕೂ ಆಗಲಿಲ್ಲ. ತಿಂಗಳು ಕಳೆದ ಮೇಲೆ ಶಹಾಪುರಕ್ಕೆ ಹೋದೆ. ಖುರ್ಷೀದಬೇಗಂ ಬಾಗಿಲು ತೆರೆದಳು. ನಾನು ಯಾರೆಂದು ಹೇಳಿದೆ. ಒಳಗೆ ಕರೆದಳು, ಹೋಗಲಿಲ್ಲ.

"ಖರೆ ಹೇಳು. ಅವರು ಬರ್ತಿದ್ದದ್ದು ನಿನ್ ಸಲುವಾಗೇನು?"

ಅವಳು ಸೊಂಟಕ್ಕೆ ಕೈ ಇಟ್ಟಳು.

"ನನ್ ಸಲುವಾಗಿ? ತೋಬಾ! ನನ್ ಹೆಸರರೆ ಗೊತ್ತಿತ್ತೇನ್ರಿ ಅವರಿಗೆ? ಸೂಜಿ ಬದಲಿ ಮಾಡವಾ, ಸಪ್ಪಳ ಮಾಡಬ್ಯಾಡವಾ, ಇಷ್ಟೇ ಮಾತು. ಕೊಟ್ಟ ಚಾ ಕೆನಿಗಟ್ಟಿ ಹೋಗ್ತಿತ್ತು. ಈದ್ ದಿನ ಹೊಸಾ ಸೀರಿ ಉಟ್ಟಿದ್ದೆ. ಕತ್ತೆತ್ತಿ ನೋಡಿದ್ರ ಅವರ ಗಂಟೇನು ಹೋಗ್ತಿತ್ತು?"

"ಇಸ್ತ್ರಿ ಅಂಗಿ ಯಾಕ ಮತ್ತ?"

"ಅದನ್ನ ಆ ಮೂವರನ್ನ ಕೇಳ್ರಿ ಅಕ್ಕಾ! ಅವರ ಫೋಟೋ ಎದುರಿಗೆ ನಿಲ್ಲಿಸಿಕೊಂಡು, ಮೆಹಫಿಲ್‌ಗೆ ಬಂದವರಂಗ ಕೂಡ್ತಿದ್ರು. ನಾವೇನು, ಸುಣ್ಣ ಬಳದ ಗ್ವಾಡಿ!"

ಅವಳ ಸಿಟ್ಟನ್ನು ಅಳೆದು ನೋಡಿದೆ. ಕಳ್ಳತನ ಮುಚ್ಚುವ ಸಿಟ್ಟಲ್ಲ. ಊಟದ ತಟ್ಟೆ ಮುಂದಿಟ್ಟು ನಿಂತರೂ ಅವರು ಕತ್ತೆತ್ತದಿದ್ದಾಗ ನನಗೆ ಬರುತ್ತಿದ್ದದ್ದೂ ಇದೇ ಸಿಟ್ಟು. ಇದನ್ನು ಸುಳ್ಳು ಕಟ್ಟಿ ಹೇಳಲಿಕ್ಕೆ ಯಾರಿಗೂ ಬರುವುದಿಲ್ಲ.

ನಂಬಿದೆ. ಅವಳ ಹೊಸ್ತಿಲ ಮೇಲೆಯೇ ಕುಳಿತು, ಬೀದಿಗೆಲ್ಲ ಕೇಳುವ ಹಾಗೆ ಅತ್ತುಬಿಟ್ಟೆ.