ಅರಸೀಕೆರೆಯವರೆಗೆ ಕಳುಹಿಸಿ ಬಂದದ್ದು

ಕರೀನಳನ್ನು ನೊಣವಿನಕೆರೆಯ ಬಸ್ ನಿಲ್ದಾಣದಲ್ಲೇ ಬೀಳ್ಕೊಟ್ಟು, ಮನೆಗೆ ಬಂದು ಒಲೆ ಹಚ್ಚುವುದೆಂದು ಅಂದುಕೊಂಡಿದ್ದೆ. ಮಾರ್ಗಶಿರದ ಬೆಳಗು. ನೆಲದ ಮೇಲೆ ಮಂಜು ಹಾಲಿನಂತೆ ನಿಂತಿತ್ತು. ತೆಂಗಿನ ಮರಗಳಿಗೆ ಕಾಂಡವೇ ಇಲ್ಲದೆ ಬರಿಯ ಗರಿಗಳು ಮೇಲೆಲ್ಲೋ ತೇಲುತ್ತಿದ್ದವು.

ಕರೀನ್ ಸ್ವೀಡನ್ ದೇಶದ ಹುಡುಗಿ. ತೋಟದ ಸಂಸಾರಗಳ ಬದುಕನ್ನು ಕಲಿಯಲೆಂದು ಅವಳ ಕಾಲೇಜು ಒಂದು ಸೆಮಿಸ್ಟರಿಗೆ ಇಲ್ಲಿಗೆ ಕಳಿಸಿತ್ತು. ಶ್ರಾವಣದಲ್ಲಿ ಬಂದವಳು ನಮ್ಮ ಮನೆಯಲ್ಲೇ ಉಂಡು ಮಲಗಿ, ನಮ್ಮ ಮಾತನ್ನೇ ಕಲಿತಳು. ಬಂದ ವಾರವೇ ಕೊಬ್ಬರಿಗೆಂದು ಅಟ್ಟಕ್ಕೆ ಕಾಯಿ ಏರಿಸುತ್ತಿದ್ದೆವು. ತಾನೂ ಒಂದನ್ನು ಹೊತ್ತು ಏಣಿ ಹತ್ತಿ, ತನ್ನ ಜಡೆಯ ನೀಲಿ ಟೇಪನ್ನು ಅದಕ್ಕೆ ಸುತ್ತಿ ಇಟ್ಟಳು. ಕೆಳಗಿನಿಂದ ನಮ್ಮತ್ತೆ ನಕ್ಕರು. "ಅದು ಕೊಬ್ರಿ ಆಗಾಕೆ ವರ್ಸ ಬೇಕು ಕಣೇ. ಅಲ್ಲೀಗಂಟ ನೀನು ಎಲ್ಗೂ ಹೋಗಂಗಿಲ್ಲ."

ಬಸ್ಸು ಬಂತು. ಅವಳ ಚೀಲ ಎತ್ತಿಕೊಟ್ಟ ಮೇಲೆ ನನ್ನ ಕಾಲೂ ತಾನಾಗಿಯೇ ಮೆಟ್ಟಿಲು ಹತ್ತಿತು. "ತಿಪಟೂರ್ಗಂಟ ಬತ್ತೀನಿ ಬುಡು," ಎಂದೆ.

ಕಂಡಕ್ಟರು ನಮ್ಮಿಬ್ಬರನ್ನೂ ನೋಡಿ, "ಏನ್ರಮ್ಮ, ಮಗಳ್ನ ಗಂಡನ ಮನೆಗೆ ಕಳಿಸ್ತಾ ಇದೀರಾ?" ಎಂದು ತಮಾಷೆ ಮಾಡಿದ.

"ಇಲ್ಲ ಕಣಪ್ಪ, ಅವ್ರಮ್ಮನ ಮನೆಗೆ," ಎಂದೆ. ನಮ್ಮೂರ ಮಠದ ಮುಂದೆ ಹಾಯುವಾಗ ಕೈ ಮುಗಿದೆ. ನೋಡಿದರೆ ಕರೀನಳ ಕೈಯೂ ಮುಗಿದಿತ್ತು. ಇಬ್ಬರಿಗೂ ಕೂರಲು ಜಾಗ ಸಿಕ್ಕಿದ್ದೂ ಸ್ವಾಮಿಯ ದಯವೇ.

ತಿಪಟೂರು ಎಂದಿನಂತೆ ಕೊಬ್ಬರಿಯ ವಾಸನೆಯಲ್ಲೇ ಎದ್ದಿತ್ತು. ಬೊಂಬಾಯಿಯ ಕಡೆ ಹೋಗುವ ರೈಲು ಒಂದು ಗಂಟೆ ತಡ ಎಂದರು. ಎಲ್ಲರೂ ಬೈದುಕೊಂಡರು, ನಾನು ಮನಸ್ಸಿನಲ್ಲೇ ಶಿವನಿಗೆ ಶರಣೆಂದೆ. ಕಲ್ಲುಬೆಂಚಿನ ಮೇಲೆ ಕೂತು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು. ಆ ಒಂದು ಗಂಟೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ರೈಲಿನ ಕೈಮರ ಇಳಿದಾಗ ನಾನು ಎದ್ದು ಹೋಗಿ ಅರಸೀಕೆರೆಗೆ ಒಂದು ಟಿಕೇಟು ತಂದೆ. ಎರಡು ರೂಪಾಯಿಯೊಳಗೇ ಆಯಿತು.

"ಹಿಂಗೇ ಆದ್ರೆ ನೀವು ಬೊಂಬಾಯಿಗಂಟ ಬತ್ತೀರ ಅಮ್ಮ," ಎಂದು ಕರೀನ್ ನಕ್ಕಳು. ನಗುತ್ತಲೇ ನನ್ನ ಸೆರಗಿನ ತುದಿ ಹಿಡಿದುಕೊಂಡಳು.

ರೈಲು ಹೊರಟಿತು. ತೋಟಗಳು ಒಂದೊಂದಾಗಿ ಹಿಂದಕ್ಕೆ ಸರಿದವು. ನಾವು ಕೂತೇ ಇದ್ದೇವೆ, ಮರಗಳೇ ಎಲ್ಲಿಗೋ ಹೊರಟಿವೆ ಎನ್ನಿಸಿತು. ಆಗ ಅವಳು ಚೀಲ ಬಿಚ್ಚಿ, ಬಟ್ಟೆಯ ನಡುವಿನಿಂದ ಕಾಯೊಂದನ್ನು ತೆಗೆದಳು. ಅದೇ ನೀಲಿ ಟೇಪು! ಬೆಳಗಿನ ಜಾವ ಯಾರಿಗೂ ಹೇಳದೆ ಅಟ್ಟ ಹತ್ತಿ ಇಳಿಸಿದ್ದಳಂತೆ.

ಕಿವಿಯ ಹತ್ತಿರ ಹಿಡಿದು ಕುಲುಕಿದೆ. ಕೊಬ್ಬರಿಯಾಗಿದ್ದರೆ ಒಳಗಿನ ಗಿಟುಕು ಚಿಪ್ಪು ಬಿಟ್ಟು ಗಡಗಡ ಎನ್ನಬೇಕು. ಇದು ಗುಳುಗುಳು ಎಂದಿತು.

"ಇನ್ನೂ ನೀರೈತೆ ಕಣೇ," ಎಂದೆ. "ನಿಮ್ಮೂರ ಚಳೀಲಿ ಇದು ಒಣಗಕ್ಕಿಲ್ಲ. ಕೊಳೆತು ಹೋಯ್ತದೆ."

ಅವಳ ಮುಖ ಬಾಡಿತು. "ಒಡ್ದು ತಿನ್ನಾನ್ವಾ?"

ಒಡೆದರೆ ತಿಂದು ಮುಗಿಯುತ್ತದೆ. ಹಿಂದಕ್ಕೆ ಒಯ್ಯೋಣವೆಂದರೆ, ಇಳಿಸಿದ ಕಾಯಿ ಮತ್ತೆ ಅಟ್ಟ ಹತ್ತಬಾರದು ಅನ್ನುವುದು ನಮ್ಮತ್ತೆಯ ಕಟ್ಟುಪಾಡು. ಈ ಹುಡುಗಿಯದು ಅನ್ನುವುದೊಂದು ನಮ್ಮ ಮನೆಯಲ್ಲಿ ಉಳಿಯಲಿ ಎಂದು ನನಗೆ ಆಸೆ. ಆದರೆ ಅವಳು ಆಸೆಯಿಂದ ಇಳಿಸಿಕೊಂಡದ್ದನ್ನು ನಾನು ಕೇಳುವುದು ಹೇಗೆ? ಕಾಯಿಯನ್ನು ಅವಳ ಮಡಿಲಿಗೇ ಇಟ್ಟೆ.

ಅರಸೀಕೆರೆ ಬಂದೇ ಬಂತು. ಅವಳ ಹಣೆಗೆ ವಿಭೂತಿ ಇಟ್ಟು ಇಳಿದೆ. ಗಾರ್ಡು ಸೀಟಿ ಊದಿದ. ಗಾಡಿ ಅಲುಗಿದಾಗ ಕಿಟಕಿಯ ಸರಳುಗಳ ಹಿಂದಿನಿಂದ ಕರೀನ್ ಎದ್ದು ಬಾಗಿಲಿಗೆ ಓಡಿ ಬಂದು, ಕಾಯಿಯನ್ನು ನನ್ನ ಕೈಗಿಟ್ಟಳು.

"ಅಟ್ಟಕ್ಕೆ ಹಾಕಿ ಅಮ್ಮ. ಬೇಗ ಒಣಗಕ್ಕೆ ಬುಡಬ್ಯಾಡಿ!"

ಕೊನೆಯ ಡಬ್ಬಿ ದಾಟಿದ ಮೇಲೂ ಹೊಗೆ ಅಲ್ಲೇ ಸುಳಿಯುತ್ತಿತ್ತು. ಅದು ಕರಗುವವರೆಗೆ ನಿಂತಿದ್ದೆ.

ಹಿಂತಿರುಗುವ ಗಾಡಿಯಲ್ಲಿ ಎದುರಿಗೆ ಕೂತಿದ್ದ ಮುದುಕರೊಬ್ಬರು ನನ್ನ ಮಡಿಲನ್ನೇ ನೋಡುತ್ತಿದ್ದರು. "ಯಾವೂರಿಗೆ ತಾಯಿ?"

"ತಿಪಟೂರಿಗೆ."

"ತಿಪಟೂರಿಗೆ ತೆಂಗಿನಕಾಯಿ ಹೊತ್ಕೊಂಡು ಹೋಗೋರ್ನ ಇವತ್ತೇ ಕಂಡೆ ಕಣವ್ವ!" ಡಬ್ಬಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕಾಗ ಬಂದ ಕಣ್ಣೀರನ್ನು ಯಾರೂ ಬೇರೆಯಾಗಿ ಕಾಣಲಿಲ್ಲ. ಅದೂ ಒಂದು ಉಪಕಾರವೇ.

ಮನೆ ಸೇರಿದಾಗ ಮಧ್ಯಾಹ್ನ ಮೀರಿತ್ತು. ಅತ್ತೆ ತಾವೇ ಅಡುಗೆ ಮುಗಿಸಿ ಜಗಲಿಯ ಮೇಲೆ ಕೂತಿದ್ದರು. "ಬಸ್ ಸ್ಟ್ಯಾಂಡಿಗೆ ಅಂತ ಹೋದೋಳು..." ಎಂದು ಶುರುಮಾಡಿದವರು ನನ್ನ ಕೈಯಲ್ಲಿದ್ದ ನೀಲಿ ಟೇಪು ನೋಡಿ ಮಾತು ನಿಲ್ಲಿಸಿದರು. ಕಾಯಿ ಇಸಿದುಕೊಂಡು ಒಮ್ಮೆ ಕುಲುಕಿದರು. ಆಮೇಲೆ ಎದ್ದು, ಒಳಗೆ ಹೋಗಿ, ಅಟ್ಟಕ್ಕೆ ಏಣಿ ಆನಿಸಿ ಹಿಡಿದು ನಿಂತರು.

"ಹತ್ತು," ಎಂದರು.