ಕುತ್ತಿಗೆಗೆ ಲೇಸರ್, ಬಸ್ಸಿನಲ್ಲಿ ಹಂದಿ ಕೊಬ್ಬು

ಫ್ರೆಂಡ್ಸ್, ಥೈರಾಯ್ಡ್ ಆಪರೇಷನ್ ಆದ ಮೇಲೆ ನನ್ನ ಕುತ್ತಿಗೆಯ ಗಾಯದ ಗುರುತು ಎರೆಹುಳುವಿನ ಹಾಗೆ ಉಬ್ಬಿಕೊಂಡಿದೆ. ಇವತ್ತು ಅದಕ್ಕೆ ಎರಡನೇ ಸಲ ಲೇಸರ್ ಮಾಡಿಸೋಕೆ ಸುಂಟಿಕೊಪ್ಪದಲ್ಲಿ ಮಡಿಕೇರಿ ಬಸ್ ಹತ್ತಿದೆ. ಪಕ್ಕದ ಸೀಟಿನ ಅಜ್ಜಿ ನನ್ನ ವೇಲ್ ಸರಿಸಿಯೇ ನೋಡಿದರು.

"ಯಾರು ಕೊಯ್ದಿದ್ದು? ಗಂಡನಾ?"

"ಡಾಕ್ಟ್ರು, ಅಜ್ಜಿ. ಈಗ ಲೇಸರ್ ಹೊಡೆಸ್ತಾ ಇದೀನಿ, ಉಬ್ಬು ತಗ್ಗುತ್ತಂತೆ."

"ಅದೆಲ್ಲ ಯಾಕೆ? ಹಂದಿ ಕೊಬ್ಬು ಹಚ್ಚು."

"ನಮ್ಮದು ಲಿಂಗ ಕಟ್ಟೋ ಮನೆ ಅಜ್ಜಿ, ಹಂದಿಯೆಲ್ಲ ಆಗಲ್ಲ."

"ತಿನ್ನು ಅಂದ್ನಾ? ಹಚ್ಚು ಅಂದೆ!"

ಹಿಂದಿನ ಸೀಟಿನವರು ಜೇನು ಅಂದರು. ಕಂಡಕ್ಟರ್ ಟಿಕೆಟ್ ಕೊಡೋದು ಬಿಟ್ಟು ಅರಿಶಿನದ ಪರ ವಾದಕ್ಕೆ ನಿಂತರು.

ಕ್ಲಿನಿಕ್ಕಿನಲ್ಲಿ ಡಾಕ್ಟರ್ ಅನುಮಾನದಿಂದ ಕೇಳಿದರು, "ಮನೆಮದ್ದು ಏನಾದ್ರೂ ಹಚ್ಚಿದ್ರಾ?"

"ಇನ್ನೂ ಇಲ್ಲ ಸರ್. ವಾಪಸ್ಸೂ ಬಸ್ಸಲ್ಲೇ ಹೋಗ್ಬೇಕಲ್ಲ."